ಪಾತಾಳವಾಸಿಯೊಡನೆ ಅರ್ಧ ಗಳಿಗೆ

ಹಿಂದೂಪುರದಿಂದ ಮಡಕಶಿರಾ ಮಾರ್ಗವಾಗಿ ಕಲ್ಯಾಣದುರ್ಗಕ್ಕೆ ಹೊರಟಿದ್ದ ನಾನು, ಪ್ರಾತಃಕಾಲದಲ್ಲಿ ಒಂದು ಪೆಟ್ರೋಲ್ ಬಂಕಿನ ಮುಂದೆ ಗಾಡಿಯನ್ನು ನಿಲ್ಲಿಸಿದಾಗ, ಕಾಲಡಿಯ ಕಬ್ಬಿಣದ ಮುಚ್ಚಳದೊಳಗಿಂದ ದೀರ್ಘವಾದ ನಿಟ್ಟುಸಿರೊಂದು ಕೇಳಿಸಿತು. (ಬಂಕಿನ ಹೆಸರನ್ನು ವಾಚಕರು ಕೇಳಬಾರದು; ಅದಿರುವುದು ನನ್ನ ಕಲ್ಪನೆಯಲ್ಲಿ.) 20,000 ಲೀಟರು ಪೆಟ್ರೋಲನ್ನು ಉದರದಲ್ಲಿ ಧರಿಸಿ ಬಹುಕಾಲದಿಂದ ಭೂಗತನಾಗಿರುವ ಆ ಟ್ಯಾಂಕು ಮಹಾಶಯನು ಸಂದರ್ಶನಕ್ಕೆ ಸಮ್ಮತಿಸಿದ್ದು, ಇದುವರೆಗೆ ಎಲ್ಲರೂ ತನ್ನನ್ನು ಕೋಲಿನಿಂದ ತಿವಿದರೇ ಹೊರತು ಮಾತನಾಡಿಸಿದವರಿಲ್ಲವೆಂಬ ಖೇದದಿಂದ.

ನಾನು: ತಮ್ಮ ದೇಹಸ್ಥಿತಿ ಹೇಗಿದೆ?

ಟ್ಯಾಂಕು: ತುಕ್ಕು ಹಿಡಿದಿದೆ. ಪ್ರತಿದಿನವೂ ಡಿಪ್ ಕೋಲನ್ನು ಇಳಿಬಿಟ್ಟು, ಅದರ ತುದಿಗೆ ಬಳಿದ ಲೇಪದ ಬಣ್ಣ ಬದಲಾಯಿತೇ ಎಂದು ನೋಡುವರು. ನೀರು ನನ್ನೊಳಗೆ ಬಂದಿತೇ ಎಂಬುದೊಂದೇ ಅವರ ಚಿಂತೆ. ನಾನು ನೀರಿನೊಳಗೆ ಹೋದೆನೇ ಎಂದು ವಿಚಾರಿಸಿದವರಿಲ್ಲ.

ನಾನು: ಸೋರಿದರೆ ಲೆಕ್ಕದಲ್ಲಿ ಸಿಕ್ಕದಿರುವುದೇ?

ಟ್ಯಾಂಕು: ಸೆಕೆಂಡಿಗೊಂದು ತೊಟ್ಟು ಬಿದ್ದರೆ ದಿನಕ್ಕೆ ಸುಮಾರು 4 ಲೀಟರು. ಸಾವಿರಾರು ಲೀಟರು ಮಾರುವಲ್ಲಿ ಅದನ್ನು ‘ಆವಿ’ ಎಂದು ಬರೆದುಬಿಡಬಹುದು. ಅನಂತಪುರ ಸೀಮೆಯ ಬಿಸಿಲನ್ನು ಉಂಡವರು ಯಾರು ತಾನೆ ಆವಿಯನ್ನು ನಂಬರು?

ನಾನು: 4 ಲೀಟರು ಅಲ್ಪವಲ್ಲವೇ?

ಟ್ಯಾಂಕು: ಪೆಟ್ರೋಲಿನಲ್ಲಿ ಶೇಕಡ 1ರವರೆಗೆ ಬೆಂಜೀನ್ ಇರಬಹುದೆಂದು ನಿಯಮ, ರಕ್ತದ ಕ್ಯಾನ್ಸರನ್ನು ತರಬಲ್ಲ ಆ ಬೆಂಜೀನ್, ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಗುಣಿಸಿ ನೋಡಿರಿ: ನನ್ನ ಒಂದು ಲೀಟರು 8 ಲಕ್ಷ ಲೀಟರಿಗೂ ಮಿಕ್ಕ ನೀರನ್ನು ಕೆಡಿಸೀತು. ಅಷ್ಟು ನೀರು ಈ ನೆಲದಲ್ಲಿ ಒಂದೆಡೆ ಸಿಕ್ಕುವುದೇ ಎಂಬುದು ಬೇರೆ ಪ್ರಶ್ನೆ.

ನಾನು: ಪೆಟ್ರೋಲು ಹಗುರವಾದುದರಿಂದ ಮೇಲೆಯೇ ತೇಲುವುದಷ್ಟೆ?

ಟ್ಯಾಂಕು: ತೇಲಲು ನೀರು ಒಂದೆಡೆ ನಿಂತಿರಬೇಕು, ಸ್ವಾಮಿ! ಇಲ್ಲಿಯ ಪಾತಾಳವೆಲ್ಲ ಗ್ರಾನೈಟು, ನೈಸು. ಜಲವಿರುವುದು ಅವುಗಳ ಬಿರುಕುಗಳಲ್ಲಿ. ಮಳೆ ತಪ್ಪಿದ ವರ್ಷ ಬೋರುಗಳು ಎಳೆದೆಳೆದು ಜಲಮಟ್ಟವು ಇಳಿದಂತೆಲ್ಲ, ನನ್ನ ಸಂತಾನವೂ ಅದರ ಬೆನ್ನಟ್ಟಿ ಇಳಿದು ಕಲ್ಲಿನ ಸಂದುಗಳಿಗೆ ಅಂಟಿಕೊಳ್ಳುವುದು. ಮಳೆ ಬಂದು ನೀರು ಏರಿದಾಗ ಕೆಲಭಾಗ ಮೇಲೇಳುವುದು, ಮಿಕ್ಕುದು ಅಲ್ಲಿಯೇ ಸಿಲುಕಿ ವರ್ಷಗಟ್ಟಲೆ ಬೆಂಜೀನನ್ನು ನೀರಿಗೆ ಬಿಡುತ್ತಿರುವುದು. ಬಿರುಕು ಹೋದತ್ತ ಅದರ ಪಯಣ. ನನ್ನ ಮಗ್ಗುಲ ಬೋರು ನಿರ್ಮಲವಾಗಿದ್ದು, ನಾಲ್ಕು ಹೊಲದಾಚೆಯದು ನಾರಿದರೆ ಆಶ್ಚರ್ಯವಿಲ್ಲ. ಆಗ ಹೊಲದವನು ತನ್ನ ಪಂಪುಸೆಟ್ಟಿನ ಡೀಸೆಲನ್ನೇ ಶಂಕಿಸುವನು.

ನಾನು: ಸರ್ಕಾರದ ನಿಯಮಗಳು?

ಟ್ಯಾಂಕು: ಉಂಟು. ಹೊಸ ಬಂಕುಗಳು ಶಾಲೆ, ಆಸ್ಪತ್ರೆಗಳಿಂದ 50 ಮೀಟರು ದೂರವಿರಬೇಕೆಂದು 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಧಿಸಿತು. ಅಳತೆಯ ಟೇಪು ಹಾಸುವುದು ಮಾತ್ರ ನೆಲದ ಮೇಲೆ. ಮೇಲಾಗಿ ನಾನು ಹಳಬ.

ನಾನು: ತಮ್ಮ ಬಂಧುಗಳು ಎಲ್ಲಿಯಾದರೂ ಸಿಕ್ಕಿಬಿದ್ದದ್ದುಂಟೇ?

ಟ್ಯಾಂಕು: ಅಮೆರಿಕದಲ್ಲಿ 5 ಲಕ್ಷಕ್ಕೂ ಮಿಕ್ಕ ಸೋರಿಕೆಗಳನ್ನು ಎಣಿಸಿ ನಮ್ಮ ಕುಲದ ಮರ್ಯಾದೆಯನ್ನು ಕಳೆದರು, ಸಾಂಟಾ ಮೋನಿಕಾ ಎಂಬ ನಗರವಂತೂ 1996ರಲ್ಲಿ ತನ್ನ ಬಾವಿಗಳನ್ನೇ ಮುಚ್ಚಬೇಕಾಯಿತು. ಇತ್ತ 2013ರಲ್ಲಿ ಚೆನ್ನೈಯ ತೊಂಡಿಯಾರ್‌ಪೇಟೆಯ ಬೋರುಗಳಲ್ಲಿ ತೈಲ ಕಾಣಿಸಿತಾದರೂ ಅದು ಕೊಳವೆಮಾರ್ಗದ ಕೃತ್ಯ, ನಮ್ಮವರದಲ್ಲ. ಎಣಿಸುವವರಿಲ್ಲದ ಊರಿನಲ್ಲಿ ನಾವೆಲ್ಲರೂ ಸಾಧುಗಳು.

ನಾನು: ಕೆಟ್ಟ ನೀರಿಗೆ ಚಿಕಿತ್ಸೆಯುಂಟಷ್ಟೆ?

ಟ್ಯಾಂಕು: ಮೊದಲು ಮೂರು ವೀಕ್ಷಣಾ ಬಾವಿಗಳನ್ನು ತ್ರಿಕೋಣಾಕಾರದಲ್ಲಿ ಕೊರೆದು, ಜಲಮಟ್ಟಗಳನ್ನು ಹೋಲಿಸಿ, ನೀರು ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ಊಹಿಸಬೇಕು. ಬಳಿಕ ತೇಲುವುದನ್ನು ಮೊಗೆಯಬಹುದು, ಮಣ್ಣಿನೊಳಗಿನ ಆವಿಯನ್ನು ಹೀರಬಹುದು, ನೀರಿನಡಿಯಿಂದ ಗಾಳಿಯನ್ನು ಊದಬಹುದು. ಉಳಿದುದನ್ನು ಸೂಕ್ಷ್ಮಾಣುಗಳು ಭಕ್ಷಿಸಬೇಕು. ಆದರೆ ಪೆಟ್ರೋಲಿಗೆ ಈಗ ಶೇಕಡ 20ರಷ್ಟು ಎಥನಾಲ್ ಬೆರೆಸುವರಾಗಿ, ಅವು ಮೊದಲು ಆ ಮದ್ಯಕ್ಕೆ ಎರಗಿ, ಇದ್ದ ಪ್ರಾಣವಾಯುವನ್ನೆಲ್ಲ ಅಲ್ಲಿಯೇ ವ್ಯಯಿಸಿ, ಬೆಂಜೀನನ್ನು ಬಡಿಸುವ ಹೊತ್ತಿಗೆ ಎಲೆಯ ಮುಂದೆ ತೂಕಡಿಸುತ್ತಿರುವುವು. ಇಂಥ ಅತಿಥಿಗಳನ್ನು ಮದುವೆಯ ಮನೆಗಳಲ್ಲಿ ತಾವೂ ಕಂಡಿರಬೇಕು.

ಅಷ್ಟರಲ್ಲಿ ಬಂಕಿನ ಹುಡುಗನು ಡಿಪ್ ಕೋಲನ್ನು ಹಿಡಿದು ಬಂದನು. ಮಹಾಶಯನು ಮೌನವನ್ನು ತಾಳಿದನು. ಹುಡುಗನು ಕೋಲನ್ನು ಇಳಿಸಿ, ಎತ್ತಿ, ಪುಸ್ತಕದಲ್ಲಿ ಏನೋ ಗೀಚಿದನು. ಬಾಯಾರಿದ್ದ ನಾನು ಹಿತ್ತಿಲ ಬೋರಿನ ನಲ್ಲಿಯತ್ತ ನಡೆದಾಗ ಅವನು ಓಡಿಬಂದು ತಡೆದನು:

“ಅದು ಲಾರಿ ತೊಳೆಯೋಕೆ ಸಾರ್. ಕುಡಿಯೋ ಕ್ಯಾನು ಒಳಗಿದೆ, ಬನ್ನಿ.”