ನೂರರವತ್ತು ಕುದುರೆ, ನಾಲ್ಕು ನಿಂಬೆಹಣ್ಣು

ಚಿಕ್ಕರಸಿನಕೆರೆಯಲ್ಲಿ ಇವತ್ತಿಗೂ ಅಳೆದು ತೂಗಿ ಹೆಜ್ಜೆ ಇಡುವವನು ಒಬ್ಬನೇ, ಕಾಲಭೈರವೇಶ್ವರನ ಗುಡಿಯ ದೇವರ ಎತ್ತು, ಬಸವಪ್ಪ. ಸುತ್ತಲ ಊರಿನವರು ಕರೆಸಿಕೊಂಡು ಪೂಜಾರಿಕೆಯಂಥ ತಕರಾರನ್ನೂ ಅವನ ಮುಂದಿಡುತ್ತಾರೆ. ಮನಸ್ಸಿದ್ದರೆ ನಡೆದಾನು, ಇಲ್ಲದಿದ್ದರೆ ನಿಂತಾನು. ಹಿಂದೆ ನಿಂತು ಯಾರು ಎಷ್ಟು ಕೂಗಿದರೂ ಹಾರಿಬಿದ್ದು ಓಡುವುದಿಲ್ಲ. ಆ ಸಂಯಮಕ್ಕೆ ಕೈಮುಗಿದು, ಕುಂಕುಮ ಹಚ್ಚಿಸಿಕೊಂಡು, ಹೊಸ ಕಾರಿನ ಸೀಟಿಗೆ ಬಂದು ಕೂತ ಕೂಡಲೇ ನಮ್ಮ ಹೈಕ್ಳಿಗೆ ಏನಾಗುತ್ತದೋ ಭೈರವನೇ ಬಲ್ಲ.

ಈಗಿನ ಶೋಕಿ ಟರ್ಬೊ ಪೆಟ್ರೋಲು, ಅದೂ ಕೈಗೇರಿನದು. 2023ರಲ್ಲಿ ಬಂದ ವರ್ನಾ ಟರ್ಬೊವನ್ನೇ ನೋಡಿ: ಒಂದೂವರೆ ಲೀಟರಿನ ಎಂಜಿನ್ನು, 160 ಪಿಎಸ್ ಶಕ್ತಿ, 253 ಎನ್ಎಂ ಟಾರ್ಕು. ಆ ಟಾರ್ಕು 1,500 ಆರ್‌ಪಿಎಂಗೇ ಹಾಜರು. ಆಟೊಮ್ಯಾಟಿಕ್ ತಗೋಬಹುದಿತ್ತಲ್ಲಪ್ಪ ಅಂದರೆ, 'ಅದು ರಿಟೈರ್ ಆದೋರ ಗಾಡಿ ಕಣಣ್ಣ' ಎಂಬ ಉತ್ತರ ಸಿದ್ಧ.

ಹಳ್ಳಿಕಾರ್ ಎತ್ತಿನ ಜೋಡಿಯೊಂದು ದಿನವಿಡೀ ದುಡಿಯುವ ಶಕ್ತಿ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಅಂದರೆ ಈ ಹುಡುಗನ ಬಲಗಾಲಿನ ಕೆಳಗೆ ನೂರೈವತ್ತಕ್ಕೂ ಮಿಕ್ಕ ಜೋಡಿ ಎತ್ತು ಕಟ್ಟಿದೆ. ಅವನ ತಾತ ಒಂದೇ ಜೋಡಿಯನ್ನು ಕಬ್ಬಿನ ಗಾಡಿಗೆ ಹೂಡಿ ಏರು ಹತ್ತಿಸುವಾಗಲೂ ಮೊದಲು ಹಗ್ಗ ಬಿಗಿ ಮಾಡಿ, ನೊಗ ಹೆಗಲಿಗೆ ಕೂತಿದೆಯೇ ನೋಡಿ, ಆಮೇಲೆ 'ಹೋಯ್' ಅನ್ನುತ್ತಿದ್ದ. ಮೊಮ್ಮಗನದು ನೇರ ಬಾರುಕೋಲು.

ಹೊಸ ಕಾರಿನ ಪೂಜೆ ಮುಗಿಯಿತು ಅನ್ನಿ. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಎದುರಿಗೆ ಮೊಬೈಲು ಹಿಡಿದ ಆರೇಳು ಗೆಳೆಯರು. 'ಟ್ರ್ಯಾಕ್ಷನ್ ಆಫ್ ಮಾಡ್ಲಾ, ಪಿಕಪ್ ಕಟ್ಟಾಕ್ತದೆ!' ಎಂದು ತಜ್ಞನೊಬ್ಬ ಕಿಟಕಿಗೆ ಬಾಗುತ್ತಾನೆ. ಅವನ ಹೆಸರಲ್ಲಿ ಇರುವುದು ಎಕ್ಸೆಲ್ ಮೊಪೆಡ್ಡು. ಬೆರಳು ಗುಂಡಿಗೆ ಹೋಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಎಂಜಿನ್ನು ಐದು ಸಾವಿರಕ್ಕೆ ಕಿರುಚುತ್ತದೆ, ಎಡಗಾಲು ಕ್ಲಚ್ಚಿನಿಂದ ಪಟ್ಟನೆ ಜಾರುತ್ತದೆ.

ಮುಂದೆ ನಡೆಯುವುದು ಎಂಟನೇ ಕ್ಲಾಸಿನ ವಿಜ್ಞಾನ. ಈ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ. ಗಾಡಿ ಮುಂದಕ್ಕೆ ಚಿಮ್ಮಿದಾಗ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಚಕ್ರ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸಾಲದ್ದಕ್ಕೆ ಟೈರಿನ ಅಡಿಯಲ್ಲಿ ನಿಂಬೆರಸ. ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಹೊಗೆ ಏಳುತ್ತದೆ, ಕಾರು ಮೂರಡಿ ಹೋಗುತ್ತದೆ, ಗೆಳೆಯರು ಶಿಳ್ಳೆ ಹೊಡೆಯುತ್ತಾರೆ. ಇಲ್ಲವೇ ಎಂಜಿನ್ನು ಗಕ್ಕನೆ ಆಫಾಗುತ್ತದೆ, ಆ ವಿಡಿಯೊ ಮಾತ್ರ ಯಾರ ಸ್ಟೇಟಸ್ಸಿಗೂ ಏರುವುದಿಲ್ಲ.

ನಿಂಬೆಹಣ್ಣನ್ನು ಲಘುವಾಗಿ ಎಣಿಸಬೇಡಿ. 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ನಿರ್ಮಾಣ ವಿಹಾರದ ಶೋರೂಮೊಂದರಲ್ಲಿ ಹೊಸ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋಗಿ, ಮೊದಲ ಮಹಡಿಯ ಗಾಜು ಒಡೆದುಕೊಂಡು ಬೀದಿಗೇ ಇಳಿಸಿದರು. ಪುಣ್ಯಕ್ಕೆ ಏರ್‌ಬ್ಯಾಗು ಬಿಚ್ಚಿಕೊಂಡು ಜೀವ ಉಳಿಯಿತು. ದೃಷ್ಟಿ ತೆಗೆಯುವ ಶಾಸ್ತ್ರವೇ ದೇಶದ ದೃಷ್ಟಿಗೆಲ್ಲ ಬಿದ್ದ ಪ್ರಸಂಗ ಅದು.

ಈ ಟ್ರ್ಯಾಕ್ಷನ್ ಕಂಟ್ರೋಲು ಮಾಡುವ ಪಾಪವಾದರೂ ಏನು? ಪ್ರತಿ ಚಕ್ರದ ವೇಗ ನೋಡಲು ಎಬಿಎಸ್ಸಿನ ಸೆನ್ಸರುಗಳು ಹೇಗೂ ಇವೆ. ಎಳೆಯುವ ಚಕ್ರ ಉಳಿದವಕ್ಕಿಂತ ಜೋರಾಗಿ ತಿರುಗಿತೋ, ಎಂಜಿನ್ನಿನ ಅಬ್ಬರ ತಗ್ಗಿಸುತ್ತದೆ, ಬೇಕಾದರೆ ಆ ಒಂದೇ ಚಕ್ರಕ್ಕೆ ಬ್ರೇಕು ಹಿಡಿಯುತ್ತದೆ. ಬಾಷ್ ಕಂಪನಿ 1986ರಿಂದಲೇ ಇದನ್ನು ಮಾಡಿ ಮಾರುತ್ತಿದೆ. 'ಫಾರ್ಮುಲಾ ಒನ್ನಲ್ಲೇ ತೆಗೆದಾಕವ್ರೆ ಕಣಣ್ಣ' ಅನ್ನುವ ಪಂಡಿತರೂ ಇದ್ದಾರೆ. ನಿಜ, 2008ರಿಂದ ಅಲ್ಲಿ ನಿಷೇಧ. ಆದರೆ ಅಲ್ಲಿ ಟ್ರ್ಯಾಕಿನ ಮೇಲೆ ಯಾರೂ ಹುರುಳಿ ಒಣಗಿಸುವುದಿಲ್ಲ.

ನಮ್ಮಲ್ಲಿ ಒಣಗಿಸುತ್ತಾರೆ. ಸುಗ್ಗಿ ಬಂತೆಂದರೆ ನಮ್ಮ ಕಡೆಯ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ಮಾರುದ್ದ ಹರಡಿ, ಹೋಗಿಬರುವ ಗಾಡಿಗಳ ಟೈರಿನಿಂದ ಬಿಟ್ಟಿ ಒಕ್ಕಣೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಟೈರು ಇಟ್ಟವರಿಗೆ ಗೊತ್ತು, ಅದರ ಮುಂದೆ ಮಂಜುಗಡ್ಡೆಯೂ ವಾಸಿ. ಅದು ದಾಟಿದರೆ ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ದಾರಿ ಹಿಡಿದ ಕಬ್ಬಿನ ಟ್ರ್ಯಾಕ್ಟರು, ಅದು ಉದುರಿಸಿದ ಕಬ್ಬು, ತರಗು, ನಡುನಡುವೆ ಬಣ್ಣ ಕಾಣದ ಹಂಪು. ಟ್ರ್ಯಾಕ್ಷನ್ ಕಂಟ್ರೋಲು ಕಂಡುಹಿಡಿದವರು ನಮ್ಮ ರಸ್ತೆ ನೋಡಿಕೊಂಡು ಹೋಗಿಯೇ ಕಂಡುಹಿಡಿದರೇನೋ ಅನ್ನಿಸುತ್ತದೆ. ಅಂಥ ರಸ್ತೆಯಲ್ಲೇ ಅದನ್ನು ಆಫ್ ಮಾಡುವುದು ಮಳೆಗಾಲ ನೋಡಿ ಹೆಂಚು ಇಳಿಸುವ ಜಾಣತನ.

ಊರಲ್ಲಿ ಕಲಿತ ವಿದ್ಯೆಯ ಪರೀಕ್ಷೆ ನಡೆಯುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ ಒಂದರಿಂದ ಬೈಕು, ಆಟೊ, ಟ್ರ್ಯಾಕ್ಟರನ್ನು ಅದರ ಮುಖ್ಯ ರಸ್ತೆಯಿಂದ ಹೊರಗಟ್ಟಿದರು. ಮಿತಿ ನೂರು ಕಿಲೋಮೀಟರು ಎಂಬ ಬೋರ್ಡೂ ಇದೆ, ಕ್ಯಾಮೆರಾನೂ ಇದೆ. ಆದರೂ ಟೋಲಿನಲ್ಲಿ ಫಾಸ್ಟ್ಯಾಗ್ 'ಪೀಂ' ಅಂದು ಕಂಬ ಎದ್ದ ಕ್ಷಣ ನೋಡಬೇಕು, ಅಕ್ಕಪಕ್ಕದ ಎರಡು ಸಾಲಿನಿಂದ ಎರಡು ಗಾಡಿ ಬಾಣ ಬಿಟ್ಟ ಹಾಗೆ. ಗೆದ್ದವನಿಗೆ ಬಹುಮಾನವೂ ಇದೆ: 2024ರ ಆಗಸ್ಟಿನಿಂದ 130 ದಾಟಿದರೆ ಎಫ್‌ಐಆರ್.

ಟ್ರ್ಯಾಕ್ಷನ್ ಆಫ್ ಮಾಡುವ ಆ ಗುಂಡಿಯನ್ನು ಕಂಪನಿಯವರು ಸುಮ್ಮನೆ ಇಟ್ಟಿಲ್ಲ, ಅದೂ ಸರಿ. ಗದ್ದೆ ಬದಿಯ ಕೆಸರಲ್ಲಿ ಚಕ್ರ ಹೂತಾಗ ಕಂಟ್ರೋಲು ಎಂಜಿನ್ನನ್ನು ಉಸಿರುಕಟ್ಟಿಸುತ್ತದೆ. ಆಗ ಆಫ್ ಮಾಡಿ, ಚಕ್ರ ಸ್ವಲ್ಪ ತಿರುಗಲು ಬಿಟ್ಟು ಎದ್ದು ಬನ್ನಿ, ಮತ್ತೆ ಆನ್ ಮಾಡಿ. ವರ್ನಾದಂಥ ಗಾಡಿಯಲ್ಲಿ ಅದೇ ಗುಂಡಿಯನ್ನು ಒತ್ತಿಯೇ ಹಿಡಿದರೆ ತಿರುವಿನಲ್ಲಿ ಕಾಯುವ ಸ್ಟೆಬಿಲಿಟಿ ಕಂಟ್ರೋಲೂ ಮಲಗಿಬಿಡುತ್ತದೆ. ಇದು ಗೊತ್ತಿಲ್ಲದೆ ಒತ್ತಿ ಹಿಡಿಯುವವರೇ ಹೆಚ್ಚು.

ಇನ್ನು ಗಾಡಿಯನ್ನು ಜೋರಾಗಿ ಎತ್ತಲೇಬೇಕೆಂಬ ಹಟವಿದ್ದರೆ, ರೇಸ್ ಟ್ರ್ಯಾಕಿಗೆ ಹೋಗಿ. ಆರ್‌ಪಿಎಂ ಎರಡು ಸಾವಿರದ ಆಸುಪಾಸು ಹಿಡಿದು, ಕ್ಲಚ್ಚು ಕಚ್ಚುವ ಜಾಗದಲ್ಲಿ ಅರೆಗಳಿಗೆ ನಿಂತು, ಗಾಡಿ ಉರುಳಿದ ಮೇಲೆ ಪೂರ್ತಿ ಬಿಡಬೇಕು. ಒಣ ರಸ್ತೆಯಲ್ಲಿ ಟೈರು ನೂರಕ್ಕೆ ಹತ್ತಿಪ್ಪತ್ತು ಪಾಲು ಜಾರುವಾಗಲೇ ಹೆಚ್ಚು ಹಿಡಿತ ಕೊಡುವುದು, ಅದಕ್ಕಿಂತ ಜಾರಿದ್ದೆಲ್ಲ ಬರೀ ಹೊಗೆ. ಹೊಗೆ ಹಾಕಿದವನು ಸೋಲುತ್ತಾನೆ, ಹೊಗೆ ಇಲ್ಲದವನು ಮುಂದೆ ಹೋಗಿರುತ್ತಾನೆ. ಮತ್ತೆ ಪೂಜೆ ದಿನ ಆ ಸುಟ್ಟ ವಾಸನೆ ಕರ್ಪೂರದ್ದೆಂದು ಅಮ್ಮನಿಗೆ ನಂಬಿಸಿದ ಮಗರಾಯರ ಗಮನಕ್ಕೆ: ಕ್ಲಚ್ ಪ್ಲೇಟು ಸವೆಯುವ ಸಾಮಾನು, ಅದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ.