ಹೊಸತೇನೂ ಇಲ್ಲದ ಅರ್ಜಿದಾರನ ಪತ್ರ

ಸಂಶೋಧನಾ ಅನುದಾನ ಸಮಿತಿಯ ಮಾನ್ಯ ಸದಸ್ಯರಿಗೆ,

ತಿಂಗಳುಗಟ್ಟಲೆ ಕಾಯಿಸಿ ಕಳಿಸಿದ ನಿಮ್ಮ ಒಂದೂವರೆ ಸಾಲಿನ ಉತ್ತರ ನಿನ್ನೆ ಕೈಸೇರಿತು. ‘ಹೊಸ ದತ್ತಾಂಶ ಸಂಗ್ರಹವಿಲ್ಲ, ಪ್ರಶ್ನಾವಳಿ ಲಗತ್ತಿಸಿಲ್ಲ.’ ಹೌದ್ರೀ, ಹೊಸತೇನೂ ಇಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಠಾಣೆಗಳಲ್ಲಿ ಮುಗಿದುಹೋದ ಯುಡಿಆರ್, ಅಂದರೆ ಅಸಹಜ ಸಾವಿನ ಕಡತಗಳಲ್ಲಿ ರೈತರಿಗೆ ಸೇರಿದವನ್ನು ಹುಡುಕಿ ಓದುತ್ತೇನೆ ಎಂದಷ್ಟೇ ಬರೆದಿದ್ದೆ. ಕೇಳಿದ್ದು ಬಸ್ ಚಾರ್ಜು, ಝೆರಾಕ್ಸ್ ಖರ್ಚು, ಧೂಳಿಗೆ ಮಾಸ್ಕು. ಡ್ರೋನು ಕೇಳಿದ್ದರೆ ಹೊಸತೆನ್ನಿಸುತ್ತಿತ್ತೋ ಏನೋ.

ಆ ಕಡತಗಳಲ್ಲಿ ಏನಿರುತ್ತದೆ ಗೊತ್ತೇ? ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಹೆಂಡತಿಯ ಹೇಳಿಕೆ. ಯಾರ ಹತ್ತಿರ ಸಾಲ, ಬೋರ್‌ವೆಲ್ ಯಾವಾಗ ಫೇಲಾಯಿತು, ಗೋವಿನಜೋಳ ಹೇಗೆ ಒಣಗಿತು ಎಂಬುದನ್ನು ಆಕೆ ಪೊಲೀಸರಿಗೆ ಹೇಳಿದ್ದಾಳೆ. ಆಮೇಲೆ ತಹಶೀಲ್ದಾರರಿಗೆ, ಕೃಷಿ ಇಲಾಖೆಗೆ, ಪರಿಹಾರ ನಿರ್ಧರಿಸುವ ಉಪವಿಭಾಗಾಧಿಕಾರಿಗಳ ಸಮಿತಿಗೆ. ಈಗ ನಾನೂ ಹೋಗಿ, ‘ಯಕ್ಕಾ, ನಿನ್ನ ಗಂಡ ಯಾಕ ಸತ್ತ? ಅ) ಸಾಲ, ಆ) ಕುಡಿತ, ಇ) ಇತರೆ’ ಎಂದು ಕೇಳಬೇಕು! ಅದು ಹೊಸ ದತ್ತಾಂಶ! ಆಕೆ ಕಸಬರಿಗೆ ಹಿಡಿದು ಬಂದರೆ ಅದನ್ನು ಯಾವ ಕಲಮಿಗೆ ಬರೆದುಕೊಳ್ಳಲಿ? ‘ಇತರೆ’ಗೋ?

ಈ ‘ಇತರೆ’ಯ ಮೇಲೇ ನನ್ನ ಕಣ್ಣು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ ಕರ್ನಾಟಕದಲ್ಲಿ 2013ರಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು 1,403. 2014ರಲ್ಲಿ 321. ಒಂದೇ ವರ್ಷದಲ್ಲಿ ಯಾವ ದೇವರು ಬಂದು ಸಾವಿರ ಜನರನ್ನು ಉಳಿಸಿದ? ದೇವರಲ್ಲ, ನಮೂನೆ ಬದಲಾಯಿತು. ಕೃಷಿ ಕೂಲಿಕಾರರಿಗೆ ಬೇರೆ ಕಲಮು ಬಂತು, ‘ಇತರೆ’ ಉಬ್ಬಿತು. ಪತ್ರಕರ್ತ ಪಿ. ಸಾಯಿನಾಥ್ ಆಗಲೇ ಇದನ್ನು ಎತ್ತಿ ತೋರಿಸಿದ್ದರು. 2015ರಲ್ಲಿ ಮತ್ತೆ 1,197. ಅದು ಬರದ ವರ್ಷ, ಪರಿಹಾರ 5 ಲಕ್ಷಕ್ಕೆ ಏರಿದ ವರ್ಷವೂ ಹೌದು. 2023ರ ಸೆಪ್ಟೆಂಬರಿನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಉಸ್ತುವಾರಿ ಸಚಿವರಾಗಿದ್ದ ಶಿವಾನಂದ ಪಾಟೀಲರು ಹಾವೇರಿಯಲ್ಲೇ ನಿಂತು, ಪರಿಹಾರ ಹೆಚ್ಚಾದ ಮೇಲೆ ಇಂಥ ಆತ್ಮಹತ್ಯೆಗಳ ವರದಿ ಹೆಚ್ಚಿದೆ ಎಂಬರ್ಥದ ಮಾತಾಡಿದರು. ರೈತರು ಸಿಟ್ಟಾದರು. ಸರಿ, ಯಾರ ಮಾತು ನಿಜ? 2013, 2014, 2015ರ ಕಡತಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಹೇಳಬಲ್ಲರು. ಓದುವುದು ಮಾತ್ರ ನಿಮ್ಮ ಪ್ರಕಾರ ಸಂಶೋಧನೆಯಲ್ಲ!

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1978ರಿಂದ ಅಪರಾಧ ಮತ್ತು ನ್ಯಾಯದ ದತ್ತಾಂಶ ಕೂಡಿಡುವ ಭಂಡಾರವೇ ಇದೆ. ಕೂಡಿಟ್ಟದ್ದನ್ನೇ ಮತ್ತೊಮ್ಮೆ ಓದಿ ಲೆಕ್ಕ ಹಾಕುವವರಿಗೆ ಅಲ್ಲಿನ ನ್ಯಾಯ ಇಲಾಖೆ ದುಡ್ಡು ಕೊಟ್ಟಿದೆ. ಅವರಿಗೆ ಹೊಸತು ಸಿಗಲಿಲ್ಲವೆಂದೇ? ನಮ್ಮಲ್ಲಿ ಅವಧಿ ಮುಗಿದ ಠಾಣೆ ಕಡತಗಳನ್ನು ನಾಶಪಡಿಸಲು ನಿಯಮವಿದೆ. ಆ ಕೆಲಸಕ್ಕೆ ಯಾರೂ ಪ್ರಶ್ನಾವಳಿ ಕೇಳುವುದಿಲ್ಲ. ಕಡತ ಸುಟ್ಟ ಮೇಲೆ ನೀವೇ ‘ದತ್ತಾಂಶದ ಕೊರತೆ’ ಎಂಬ ವಿಷಯದ ಮೇಲೆ ವಿಚಾರ ಸಂಕಿರಣ ಮಾಡುತ್ತೀರಿ, ಎರಡು ದಿನ, ಊಟ ಸಮೇತ.

ಹೋಗಲಿ, ದುಡ್ಡು ನೀವೇ ಇಟ್ಟುಕೊಳ್ಳಿ. ಹೆಸರು ವಿಳಾಸ ಮುಚ್ಚಿಯಾದರೂ ಈತನಿಗೆ ಓದಲು ಬಿಡಿ ಎಂದು ಪೊಲೀಸ್ ಇಲಾಖೆಗೆ ಒಂದು ಶಿಫಾರಸು ಪತ್ರ ಕೊಡಿ. ಬಸ್ ಚಾರ್ಜು ನಾನೇ ಹಾಕಿಕೊಳ್ಳುತ್ತೇನೆ. ಹಿರೇಕೆರೂರಿಗೆ ಹೋಗುವ ದಿನ ನಿಮ್ಮಲ್ಲೊಬ್ಬರು ಜೊತೆಗೆ ಬರುವುದಾದರೆ ಅವರ ಟಿಕೀಟೂ ನಂದೇ.

ಇತಿ,
ಹಾನಗಲ್ಲಿನ ಒಬ್ಬ ಕಾಲೇಜು ಮಾಸ್ತರ