ಸೌಹಾರ್ದ ಸಭೆಗೆ ಎಷ್ಟು ಕುರ್ಚಿ?

(ವಾರ್ಡಿನ ಸಮುದಾಯ ಭವನ. ಅಧ್ಯಕ್ಷರು ಮತ್ತು ಶಾಮಿಯಾನದ ನಂಜಪ್ಪ. ಅಧ್ಯಕ್ಷರು ಯಾವುದರ ಅಧ್ಯಕ್ಷರೆಂದು ಕೇಳುವುದು ಸೌಹಾರ್ದಕ್ಕೆ ಧಕ್ಕೆ.)

“ಎಷ್ಟು ಕುರ್ಚಿ ಹಾಕ್ಲಿ ಸಾರ್?”

“ವೇದಿಕೆ ಮೇಲೆ ಹದಿನಾಲ್ಕು, ಕೆಳಗೆ ಹತ್ತು.”

“ಜನಕ್ಕಿಂತ ಮುಖಂಡರೇ ಜಾಸ್ತಿ ಆಯ್ತಲ್ಲ?”

“ಎಲ್ಲ ಸಮುದಾಯದವರೂ ಮೇಲೇ ಕೂರಬೇಕಪ್ಪಾ. ಹೋದ ಸಲ ಒಬ್ಬರ ಕುರ್ಚಿಗೆ ಟವೆಲ್ ಹಾಕಿಲ್ಲ ಅಂತ ಸಭೆಯೇ ಒಡೆದು ಹೋಯ್ತು.”

“ತಿಂಡಿ?”

“ಬಿಸ್ಕತ್ತು ಸಾಕು. ಅದಕ್ಕೆ ಜಾತಿ ಇಲ್ಲ.”

“ಮೊಟ್ಟೆ ಹಾಕಿದಾರಾ ಅಂತ ಕೇಳ್ತಾರೆ.”

“ಹಾಗಾದ್ರೆ ಬರೀ ನೀರು.”

“ಯಾರ ಮನೆ ನೀರು ಸಾರ್?”

“…ಬಾಟ್ಲಿ ತರಿಸು! ನನ್ನ ಭಾಷಣ ಕೇಳು: ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಬೆಂಗಳೂರು ಕರಗ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ…”

“ಅದಕ್ಕೆ ಯಾವ ಸಮಿತಿ ಠರಾವು ಮಾಡಿತ್ತು ಸಾರ್?”

“ಠರಾವಿಲ್ಲದೆ ನಡೀತಿದೆ, ನೋಡು! ಎಂಥ ಬೇಜವಾಬ್ದಾರಿ. ಒಂದು ಉಪಸಮಿತಿ ಮಾಡಿಸ್ತೀನಿ.”

“ಅಂದಹಾಗೆ, ನಿಮ್ಮ ಮಹಡಿ ಮನೆ ಖಾಲಿ ಇದೆಯಂತೆ. ನಮ್ಮ ಮೈಕ್ ಸೆಟ್ಟಿನ ಭಾಯ್ ಬಾಡಿಗೆಗೆ ಕೇಳ್ತಿದ್ರು.”

“ಮೈಕು ಅವರದೇ ಇರ್ಲಿ, ಪಾಪ, ಒಳ್ಳೇ ಮನುಷ್ಯ. ಮನೆಗೆ ಮಾತ್ರ ನಿನ್ನೇನೇ ಅಡ್ವಾನ್ಸ್ ಬಂತು ಅಂದ್ಬಿಡು.”